ಅರಬ್ಬಿ ಸಮುದ್ರವನ್ನು ಕಾಯುವುದು ಯಾರು, ಹೇಗೆ? ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗೊಳ್ಳಿಯಿಂದ ಉಳ್ಳಾಲದವರೆಗಿನ ಮೀನುಗಾರರು, ಕಾಲೇಜು ವಿದ್ಯಾರ್ಥಿಗಳು, ಕಿನಾರೆ ಸ್ವಚ್ಛ ಮಾಡುವ ತಂಡಗಳವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ನಮ್ಮ ಕಡಲನ್ನು ನಾವು ಸರಿ ನೋಡಿಕೊಂಡರೆ ಸಾಲದಾ? ಬೇರೆ ದೇಶದವರ ಜೊತೆ ಒಪ್ಪಂದ ಎಂತಕ್ಕೆ?

ಸಾಲುವುದಿಲ್ಲ. ಕಾರಣ ನೀರಿನ ಓಟ. ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಿಯುವ ಪ್ರವಾಹ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮುಂಗಾರಿನಲ್ಲಿ ಅದು ದಕ್ಷಿಣಕ್ಕೆ ಹೋಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಉತ್ತರಕ್ಕೆ ಬರುತ್ತದೆ, ಬರುವಾಗ ಶ್ರೀಲಂಕಾವನ್ನು ಸುತ್ತಿ ಬಂದ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರನ್ನೂ ನಮ್ಮ ತೀರಕ್ಕೆ ತರುತ್ತದೆ.

2025ರ ಮೇ 25ರಂದು ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲು ದೂರದಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಅದರ ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದ ತೀರಕ್ಕೆ, ಅಲ್ಲಿಂದ ಕನ್ಯಾಕುಮಾರಿಯ ಕಡೆಗೆ ಹೋದವು. ಇದೇ ಅವಘಡ ಡಿಸೆಂಬರಿನಲ್ಲಿ ಆಗಿದ್ದರೆ ಪ್ರವಾಹ ಉತ್ತರದ ಕಡೆ, ಅಂದರೆ ಕಾಸರಗೋಡು, ಮಂಗಳೂರು, ಮಲ್ಪೆಯ ಕಡೆ ಇರುತ್ತಿತ್ತು. ಕೊಲಂಬೊ ಎದುರು ಒಡೆದ ಹಡಗು ಮಂಗಳೂರಿಗೆ ಸಂಬಂಧವಿಲ್ಲದ ಸುದ್ದಿ ಎಂದು ಯಾವ ತಿಂಗಳಲ್ಲೂ ಖಾತ್ರಿಯಾಗಿ ಹೇಳಲು ಬರುವುದಿಲ್ಲ.

12 ಮೈಲು, 200 ಮೈಲು ಅಂತೆಲ್ಲ ಹೇಳ್ತಾರಲ್ಲ, ಯಾವ ನೀರು ಯಾರದ್ದು?

ತೀರದ ಆಧಾರರೇಖೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ., ದೇಶದ ಪ್ರಾದೇಶಿಕ ಜಲ. ಈ ಪಟ್ಟಿಯಲ್ಲಿ ಮೀನುಗಾರಿಕೆಯ ನಿಯಮ ಮಾಡುವುದು ರಾಜ್ಯ ಸರ್ಕಾರ. 200 ಮೈಲಿನವರೆಗೆ, ಅಂದರೆ ಸುಮಾರು 370 ಕಿ.ಮೀ., ಭಾರತದ ವಿಶೇಷ ಆರ್ಥಿಕ ವಲಯ. ಅದರಾಚೆಗಿನದು ಯಾವ ದೇಶಕ್ಕೂ ಸೇರದ ತೆರೆದ ಸಾಗರ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಈ ಗೆರೆಗಳನ್ನು ಎಳೆಯಿತು. ಸಾಗರ ಪರಿಸರ ಕಾಯಲು ದೇಶಗಳು ಪ್ರದೇಶವಾರು ಸಹಕರಿಸಬೇಕೆಂದು ಅದರ 197ನೇ ವಿಧಿ ಹೇಳುತ್ತದೆ. ತೆರೆದ ಸಾಗರದ ಜೀವವೈವಿಧ್ಯಕ್ಕಾಗಿ 2023ರಲ್ಲಿ ಅಂಗೀಕಾರವಾದ ಹೊಸ ಒಪ್ಪಂದ 2026ರ ಜನವರಿ 17ರಿಂದ ಜಾರಿಯಲ್ಲಿದೆ.

ಅರಬ್ಬಿ ಸಮುದ್ರಕ್ಕೆ ಅಂತಲೇ ಒಂದು ಒಪ್ಪಂದ ಉಂಟಾ?

ಇಡೀ ಸಮುದ್ರಕ್ಕೆ ಒಂದೇ ಎಂಬುದು ಇಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 1974ರಲ್ಲಿ ಪ್ರಾದೇಶಿಕ ಸಮುದ್ರಗಳ ಯೋಜನೆ ಶುರು ಮಾಡಿತು. ಅದರ ಪ್ರಕಾರ ನಮ್ಮ ಸಮುದ್ರ ಮತ್ತು ಅದರ ಆಸುಪಾಸು ನಾಲ್ಕು ವ್ಯವಸ್ಥೆಗಳಲ್ಲಿ ಹಂಚಿಹೋಗಿವೆ. ಪರ್ಷಿಯನ್ ಕೊಲ್ಲಿ ಮತ್ತು ಒಮಾನ್ ಕಡೆಗೆ 1978ರ ಕುವೈತ್ ಒಪ್ಪಂದ, ಕೆಂಪು ಸಮುದ್ರ ಮತ್ತು ಏಡನ್ ಕೊಲ್ಲಿಗೆ 1982ರ ಜೆಡ್ಡಾ ಒಪ್ಪಂದ, ಪೂರ್ವ ಆಫ್ರಿಕಾಕ್ಕೆ 1985ರ ನೈರೋಬಿ ಒಪ್ಪಂದ. ನಮ್ಮ ಪಾಲಿಗೆ ಇರುವುದು ದಕ್ಷಿಣ ಏಷ್ಯಾ ಸಮುದ್ರಗಳ ಕ್ರಿಯಾ ಯೋಜನೆ. ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ಪಾಕಿಸ್ತಾನ ಮತ್ತು ಶ್ರೀಲಂಕಾ ಸೇರಿ 1995ರ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ಅದನ್ನು ಒಪ್ಪಿದವು. ಕೊಲಂಬೊದಲ್ಲಿರುವ ಸಾಸೆಪ್, ಅಂದರೆ ದಕ್ಷಿಣ ಏಷ್ಯಾ ಸಹಕಾರ ಪರಿಸರ ಕಾರ್ಯಕ್ರಮ, ಅದರ ಕಚೇರಿಯ ಕೆಲಸ ನೋಡುತ್ತದೆ.

ಮೊದಲ ಮೂರಕ್ಕೂ ನಮ್ಮದಕ್ಕೂ ದೊಡ್ಡ ವ್ಯತ್ಯಾಸ ಉಂಟು. ಅವು ಸಹಿ ಹಾಕಿದ ದೇಶಗಳನ್ನು ಕಾನೂನಾಗಿ ಕಟ್ಟಿಹಾಕುವ ಒಪ್ಪಂದಗಳು. ನಮ್ಮದು ಯೋಜನೆ ಮಾತ್ರ; ಮಾಡದಿದ್ದರೆ ಕೇಳುವವರಿಲ್ಲ. ಇದು ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ.

ಕಾಗದದ ಮೇಲಿನ ಯೋಜನೆಯಿಂದ ನಿಜವಾಗಿ ಎಂತಾದ್ರೂ ಆಗಿದೆಯಾ?

ಎಣ್ಣೆ ಸೋರಿಕೆಯ ವಿಷಯದಲ್ಲಿ ಆಗಿದೆ. ಎಣ್ಣೆ ಮತ್ತು ರಾಸಾಯನಿಕ ಮಾಲಿನ್ಯಕ್ಕೆ ಒಟ್ಟಾಗಿ ಸ್ಪಂದಿಸಲು ಸಾಸೆಪ್ ಜೊತೆಗಿನ ತಿಳಿವಳಿಕೆ ಪತ್ರಕ್ಕೆ ಭಾರತದ ಸಚಿವ ಸಂಪುಟ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತದ ಪರವಾಗಿ ಹೊಣೆ ಹೊತ್ತದ್ದು ಕರಾವಳಿ ಕಾವಲು ಪಡೆ. 2020ರ ಸೆಪ್ಟೆಂಬರಿನಲ್ಲಿ ಶ್ರೀಲಂಕಾದ ಪೂರ್ವಕ್ಕೆ ನ್ಯೂ ಡೈಮಂಡ್ ಎಂಬ ಕಚ್ಚಾತೈಲದ ಟ್ಯಾಂಕರ್ ಹೊತ್ತಿಕೊಂಡಾಗಲೂ, 2021ರಲ್ಲಿ ಕೊಲಂಬೊ ಎದುರು ಎಕ್ಸ್‌ಪ್ರೆಸ್ ಪರ್ಲ್ ಉರಿದಾಗಲೂ ನಮ್ಮ ಕಾವಲು ಹಡಗುಗಳು ಹೋಗಿ ಬೆಂಕಿ ಆರಿಸಲು ಸೇರಿಕೊಂಡವು. ಕಸ, ಕೊಳಚೆ, ಗೊಬ್ಬರದ ಹರಿವಿನ ವಿಷಯದಲ್ಲಿ ಮಾತ್ರ ಇಷ್ಟು ಚುರುಕು ಕಾಣುವುದಿಲ್ಲ.

## ಕಿನಾರೆಯಲ್ಲಿ ಕಂಡದ್ದು

ಮಳೆ ಶುರುವಾಗುವಾಗ ಕಾಲಿಗೆ ಅಂಟುವ ಡಾಂಬರು ಉಂಡೆ ಎಲ್ಲಿಂದ ಬರುವುದು?

ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸಮುದ್ರದಲ್ಲಿ ತೇಲಿದ ಕಚ್ಚಾತೈಲ. ಹಗುರ ಭಾಗ ಆವಿಯಾಗಿ ಹೋಗುತ್ತದೆ, ಉಳಿದ ಮಂದ ಭಾಗ ಅಲೆಯಲ್ಲಿ ನೀರಿನೊಂದಿಗೆ ಕಲಸಿ, ಮರಳು ಮೆತ್ತಿಕೊಂಡು ಉಂಡೆಯಾಗುತ್ತದೆ. ಮುಂಗಾರಿನ ಪಶ್ಚಿಮದ ಗಾಳಿ ಅದನ್ನು ದಡಕ್ಕೆ ದೂಡುವುದರಿಂದ ಗೋವಾದಿಂದ ಇಲ್ಲಿಯವರೆಗೂ ಆ ಹೊತ್ತಿಗೇ ಕಾಣಿಸುತ್ತದೆ.

ಕೊಲ್ಲಿಯಿಂದ ಪೂರ್ವಕ್ಕೆ ಹೋಗುವ ಟ್ಯಾಂಕರ್‌ಗಳ ದಾರಿ ನಮ್ಮ ಎದುರಿನ ಸಮುದ್ರದಲ್ಲೇ ಉಂಟು. ಟ್ಯಾಂಕ್ ತೊಳೆದ ನೀರಿನ ಬಗ್ಗೆ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ಸ್ಪಷ್ಟವಾಗಿದೆ: ಹಡಗು ದಡದಿಂದ 50 ನಾಟಿಕಲ್ ಮೈಲಿಗಿಂತ ಆಚೆ ಚಲಿಸುತ್ತಿರಬೇಕು, ಒಂದು ಮೈಲಿಗೆ 30 ಲೀಟರ್‌ಗಿಂತ ಹೆಚ್ಚು ಎಣ್ಣೆ ಹೊರಹೋಗಬಾರದು, ಒಟ್ಟು ಪ್ರಮಾಣ ಹೊತ್ತ ಸರಕಿನ 30,000ದಲ್ಲಿ ಒಂದು ಪಾಲನ್ನು ದಾಟಬಾರದು. ಅಂದರೆ ಒಂದು ಲಕ್ಷ ಟನ್ ಹೊತ್ತ ಟ್ಯಾಂಕರ್ ಕಾನೂನಿನೊಳಗೇ ಇದ್ದು ಸುಮಾರು 3.3 ಟನ್ ಬಿಡಬಹುದು. ಕೊಲ್ಲಿಯೊಳಗೆ ಇಷ್ಟಕ್ಕೂ ಅವಕಾಶವಿಲ್ಲ, ಅದು ಮಾರ್ಪೋಲ್ ಗುರುತಿಸಿದ ವಿಶೇಷ ಪ್ರದೇಶ. ಭಾರತದ ಪಶ್ಚಿಮ ತೀರ ಆ ಪಟ್ಟಿಯಲ್ಲಿಲ್ಲ.

ಉಂಡೆ ಯಾವ ಮೂಲದ್ದು ಎಂದು ಪ್ರಯೋಗಾಲಯ ಹೇಳಬಲ್ಲದು. ಹೋಪೇನ್, ಸ್ಟೆರೇನ್ ಎಂಬ ಸಂಯುಕ್ತಗಳು ಬಿಸಿಲಿಗೂ ಅಲೆಗೂ ಬೇಗ ಹಾಳಾಗುವುದಿಲ್ಲ, ಒಂದೊಂದು ತೈಲಕ್ಷೇತ್ರದಲ್ಲಿ ಅವುಗಳ ಅನುಪಾತ ಬೇರೆ. ಮಾದರಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ. ಪ್ಲಾಸ್ಟಿಕ್ಕಿನ ರಾಸಾಯನಿಕ ಎಣ್ಣೆಗೆ ಇಳಿದು ಪರೀಕ್ಷೆ ಕೆಡುತ್ತದೆ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಗಾಜಿನ ಬಾಟಲಿಯಲ್ಲಿಟ್ಟು, ದಿನಾಂಕ, ಗಂಟೆ, ಜಿಪಿಎಸ್ ಬರೆದು, ತಂಪಾದ ಕತ್ತಲೆ ಜಾಗದಲ್ಲಿಡಿ. ಹೋಲಿಸಿ ನೋಡಲು ಬೇರೆ ದೇಶಗಳ ತೈಲದ ಮಾದರಿಗಳೂ ಬೇಕು. ಸಹಕಾರ ಇಲ್ಲದಿದ್ದರೆ ನಮ್ಮ ಕೈಯಲ್ಲಿ ಉಂಡೆ ಇರುತ್ತದೆ, ಅದು ಯಾರದ್ದೆಂದು ಹೇಳಲು ಸಾಧ್ಯವಾಗುವುದಿಲ್ಲ.

ಕಡಲಲ್ಲಿ ಎಣ್ಣೆ ಪಾಟೆ ಕಂಡ್ರೆ ಯಾರಿಗೆ ಫೋನ್ ಮಾಡುವುದು, ಎಂತ ಹೇಳುವುದು?

ಕರಾವಳಿ ಕಾವಲು ಪಡೆಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ಐದು ವಿಷಯ ಹೇಳಿದರೆ ಸಾಕು: ಗಂಟೆ, ಜಿಪಿಎಸ್ ಸ್ಥಾನ, ಉದ್ದ ಮತ್ತು ಅಗಲದ ಅಂದಾಜು, ಬಣ್ಣ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ. ಹತ್ತಿರ ಹಡಗಿದ್ದರೆ ಅದರ ಹೆಸರನ್ನೂ ಹೋಗುತ್ತಿದ್ದ ದಿಕ್ಕನ್ನೂ ಸೇರಿಸಿ.

ಬಣ್ಣ ಯಾಕೆ ಮುಖ್ಯ ಎಂದರೆ ಅದರಿಂದ ಪದರದ ದಪ್ಪ ತಿಳಿಯುತ್ತದೆ. ಉತ್ತರ ಸಮುದ್ರದ ದೇಶಗಳು ತಮ್ಮ ಬಾನ್ ಒಪ್ಪಂದದಡಿ ಮಾಡಿಕೊಂಡ ಬಣ್ಣದ ಲೆಕ್ಕವನ್ನು ಈಗ ಬೇರೆ ಕಡೆಯೂ ಬಳಸುತ್ತಾರೆ. ಬೆಳ್ಳಿಯಂಥ ಮಿನುಗು ಒಂದು ಚದರ ಕಿ.ಮೀ.ಗೆ 40ರಿಂದ 300 ಲೀಟರ್. ಕಾಮನಬಿಲ್ಲಿನ ಬಣ್ಣ 300ರಿಂದ 5,000 ಲೀಟರ್. ಲೋಹದ ಹೊಳಪು 5,000ದಿಂದ 50,000. ಎಣ್ಣೆಯದೇ ಕಪ್ಪು ಅಥವಾ ಕಂದು ಬಣ್ಣ ಕಂಡರೆ ಅದಕ್ಕೂ ಹೆಚ್ಚು. “ತುಂಬಾ ಎಣ್ಣೆ ಉಂಟು” ಎನ್ನುವುದಕ್ಕಿಂತ “ಕಾಮನಬಿಲ್ಲಿನ ಬಣ್ಣ, ಎರಡು ಕಿ.ಮೀ. ಉದ್ದ, ನೂರು ಮೀಟರ್ ಅಗಲ” ಎಂದರೆ ಕೇಳಿದವರು ಅಲ್ಲೇ ಲೆಕ್ಕ ಹಾಕುತ್ತಾರೆ.

ಎಣ್ಣೆ ಪ್ರವಾಹದ ಜೊತೆಗೂ, ಗಾಳಿಯ ವೇಗದ ಸುಮಾರು ಶೇ. 3ರಷ್ಟು ವೇಗದಲ್ಲಿ ಗಾಳಿಯ ದಿಕ್ಕಿಗೂ ಸಾಗುತ್ತದೆ. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಈ ಲೆಕ್ಕದ ಮೇಲೆಯೇ ಅದು ಎಲ್ಲಿ ದಡ ಸೇರುತ್ತದೆ ಎಂಬ ಮುನ್ಸೂಚನೆ ಕೊಡುತ್ತದೆ. ತಪ್ಪು ಗಂಟೆ ಹೇಳಿದರೆ ಮುನ್ಸೂಚನೆಯೂ ತಪ್ಪುತ್ತದೆ. ಸೋರಿಕೆ 700 ಟನ್‌ವರೆಗೆ ಇದ್ದರೆ ಮೊದಲ ಹಂತ; ಬಂದರಿನ ಮಿತಿಯೊಳಗಾದರೆ ನಿಭಾಯಿಸಬೇಕಾದದ್ದು ಬಂದರು. 700ರಿಂದ 10,000 ಟನ್ ಎರಡನೇ ಹಂತ, ಅದಕ್ಕೂ ಮೇಲ್ಪಟ್ಟದ್ದು ಮೂರನೆಯದು. ಹೊರದೇಶದ ನೆರವಿನ ಮಾತು ಮುಖ್ಯವಾಗಿ ಬರುವುದು ಆಗ.

ದಯವಿಟ್ಟು ಸೋಪಿನ ಪುಡಿ, ಡಿಟರ್ಜೆಂಟ್ ಸುರಿಯಬೇಡಿ. ಎಣ್ಣೆ ಕಣ್ಣಿಗೆ ಕಾಣದಂತೆ ನೀರಿನೊಳಕ್ಕೆ ಇಳಿಯುತ್ತದೆ, ಮರಿಮೀನು ಮತ್ತು ಪಚ್ಚಿಲೆಗೆ ಅದರ ಹೊಡೆತ ಹೆಚ್ಚು. ಚದುರಿಸುವ ರಾಸಾಯನಿಕ ಬಳಸಲು ಕಾವಲು ಪಡೆಯ ಒಪ್ಪಿಗೆ ಬೇಕು.

ಮರಳಲ್ಲಿ ಸಾಬಕ್ಕಿಯಷ್ಟು ದಪ್ಪದ ಬಿಳಿ ಪ್ಲಾಸ್ಟಿಕ್ ಹರಳು ಕಂಡ್ರೆ?

ಅದು ಪ್ಲಾಸ್ಟಿಕ್ ಸಾಮಾನು ಮಾಡುವ ಕಚ್ಚಾ ಹರಳು, ಸಾಮಾನ್ಯವಾಗಿ 2ರಿಂದ 5 ಮಿ.ಮೀ. ಹುಡುಕಬೇಕಾದದ್ದು ಉಬ್ಬರದ ನೀರು ಮುಟ್ಟಿದ ಮೇಲಿನ ಗೆರೆಯಲ್ಲಿ, ಒಣ ಕಸಕಡ್ಡಿಯ ಅಡಿಯಲ್ಲಿ. ಮೇಲಿನ ಎರಡು ಮೂರು ಸೆಂ.ಮೀ. ಮರಳನ್ನು ಮಾತ್ರ ಕೆರೆದು 2 ಮಿ.ಮೀ. ಕಣ್ಣಿನ ಜರಡಿಗೆ ಹಾಕಿ. ಉಳಿದದ್ದನ್ನು ಸಮುದ್ರದ ನೀರು ತುಂಬಿದ ಬಕೆಟ್ಟಿಗೆ ಸುರಿದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಹರಳು ತೇಲುತ್ತವೆ, ಮರಳು ತಳ ಸೇರುತ್ತದೆ. ತೇಲಿದ್ದನ್ನು ಚಹಾ ಸೋಸುವ ಜಾಲರಿಯಲ್ಲಿ ತೆಗೆಯಿರಿ. ಜೆಸಿಬಿ ತಂದು ಮರಳು ಮಗುಚಿದರೆ ಹರಳು ಆಳಕ್ಕೆ ಹೂತುಹೋಗಿ ಮುಂದಿನ ಮಳೆಗಾಲದಲ್ಲಿ ಮತ್ತೆ ಮೇಲೆ ಬರುತ್ತದೆ.

ಕಂಟೇನರ್ ಅಥವಾ ಡ್ರಮ್ ಬಂದರೆ ವಿಷಯ ಬೇರೆ. ಎಲ್ಸಾ 3ರ 12 ಕಂಟೇನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅದಕ್ಕೆ ನೀರು ತಾಗಿದರೆ ಕಿಡಿಗೆ ಹೊತ್ತಿಕೊಳ್ಳುವ ಅಸಿಟಿಲೀನ್ ಅನಿಲ ಹುಟ್ಟುತ್ತದೆ. 200 ಮೀಟರ್ ದೂರ ನಿಂತು 112ಕ್ಕೆ ಕರೆ ಮಾಡಿ. ಹತ್ತಿರ ಹೋಗಿ ಫೋಟೊ ತೆಗೆಯುವ ಆಸೆ ಬೇಡ.

ಪಡುಬಿದ್ರಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿದೆ. ಹಾಗಾದ್ರೆ ನಮ್ಮ ಕಡಲು ಶುದ್ಧ ಅಂತ ಅರ್ಥವಾ?

ಆ ಒಂದು ತುಂಡು ತೀರ ಸ್ನಾನಕ್ಕೆ ಯೋಗ್ಯ ಎಂದು ಅರ್ಥ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಈ ಮಾನ್ಯತೆ ಬಂತು. ಕೊಡುವುದು ಡೆನ್ಮಾರ್ಕಿನಲ್ಲಿ ಮುಖ್ಯ ಕಚೇರಿ ಇರುವ ಅಂತರರಾಷ್ಟ್ರೀಯ ಪ್ರತಿಷ್ಠಾನ. ಋತುವಿನಲ್ಲಿ ಎರಡು ಮಾದರಿಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, 100 ಮಿ.ಲೀ. ನೀರಿನಲ್ಲಿ ಮಲದ ಮೂಲಕ ಬರುವ ಬ್ಯಾಕ್ಟೀರಿಯಾಗಳಾದ ಇ-ಕೋಲಿ 250, ಎಂಟರೊಕಾಕೈ 100 ದಾಟಬಾರದು. ಭಾರತದ ಸ್ನಾನಯೋಗ್ಯ ಸಮುದ್ರ ನೀರಿನ ಮಾನದಂಡದಲ್ಲಿ ಅಳೆಯುವುದು ಮಲದ ಕೋಲಿಫಾರ್ಮ್, ಮಿತಿ 100 ಮಿ.ಲೀ.ಗೆ 100. ಎರಡೂ ಬೇರೆ ಬೇರೆ ಅಳತೆ, ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬಾರದು.

## ಅಳೆಯುವ ಕೆಲಸ

ನಮ್ಮ ಕಾಲೇಜಿನವರು ಪ್ರತಿ ವರ್ಷ ನೀರು ಪರೀಕ್ಷೆ ಮಾಡ್ತೇವೆ. ಆ ಲೆಕ್ಕವನ್ನು ಹೊರಗಿನವರು ಯಾರೂ ಬಳಸುವುದಿಲ್ಲ. ಯಾಕೆ?

ಹೆಚ್ಚಿನ ಸಲ ತೊಂದರೆ ಇರುವುದು ಅಂಕಿಯಲ್ಲಲ್ಲ, ಅದರ ಹಿಂದಿನ ವಿವರ ಇಲ್ಲದಿರುವುದರಲ್ಲಿ. ಎಲ್ಲಿ, ಯಾವ ಆಳದಲ್ಲಿ, ಇಳಿತದಲ್ಲಾ ಉಬ್ಬರದಲ್ಲಾ, ಯಾವ ವಿಧಾನದಲ್ಲಿ ಎಂದು ಬರೆಯದ ಅಂಕಿಯನ್ನು ಮಸ್ಕತ್ತಿನ ಅಂಕಿಯ ಪಕ್ಕ ಇಡಲು ಬರುವುದಿಲ್ಲ. ನೇತ್ರಾವತಿಯ ಅಳಿವೆಯಲ್ಲಿ ಇಳಿತದ ಹೊತ್ತು ತೆಗೆದ ನೀರು ಹೊಳೆಯದ್ದು, ಉಬ್ಬರದ ಹೊತ್ತಿನದು ಕಡಲಿನದು. ಜಾಗ ಒಂದೇ ಆದರೂ ಅವು ಎರಡು ಬೇರೆ ನೀರು.

ಬ್ಯಾಕ್ಟೀರಿಯಾ ಪರೀಕ್ಷೆಗೆ ಸೊಂಟದಾಳದ ನೀರಿಗೆ ಇಳಿದು, ಕ್ರಿಮಿಶುದ್ಧ ಬಾಟಲಿಯನ್ನು ಮೇಲ್ಮೈಯಿಂದ 30 ಸೆಂ.ಮೀ. ಕೆಳಗೆ, ಬಾಯಿ ಹರಿವಿನ ಕಡೆಗೆ ಮಾಡಿ ತುಂಬಿಸಿ. ಮೇಲೆ ಸ್ವಲ್ಪ ಖಾಲಿ ಬಿಡಿ, ಇಲ್ಲದಿದ್ದರೆ ಕುಲುಕಲು ಆಗುವುದಿಲ್ಲ. ಐಸ್ ಪೆಟ್ಟಿಗೆಯಲ್ಲಿಟ್ಟು ಆರೇಳು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿ. ಮಧ್ಯಾಹ್ನದವರೆಗೆ ಬೈಕಿನ ಪೆಟ್ಟಿಗೆಯಲ್ಲಿ ಬಿಸಿಲಿಗೆ ಬೆಂದ ಬಾಟಲಿಯ ಫಲಿತಾಂಶಕ್ಕೆ ಬೆಲೆಯಿಲ್ಲ.

ಕರಗಿದ ಆಮ್ಲಜನಕಕ್ಕೆ ಇದರ ತದ್ವಿರುದ್ಧ: ಬಾಟಲಿ ಉಕ್ಕಿ ಹರಿಯುವಂತೆ ತುಂಬಿಸಬೇಕು, ಒಂದು ಗುಳ್ಳೆಯೂ ಇರಬಾರದು. ಮ್ಯಾಂಗನೀಸ್ ದ್ರಾವಣ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣವನ್ನು ದಡದಲ್ಲೇ ಹಾಕಿ ಮುಚ್ಚಿ. ಕಂದು ಬಣ್ಣದ ಗಸಿ ಕೂತರೆ ಆಮ್ಲಜನಕ ಉಂಟು, ಬಿಳಿಯಾಗಿಯೇ ಉಳಿದರೆ ಹೆಚ್ಚುಕಡಿಮೆ ಇಲ್ಲ. ಪೋಷಕಾಂಶಗಳಿಗೆ ನೀರನ್ನು ಗಾಜುನಾರಿನ ಸೋಸುಕಾಗದದಲ್ಲಿ ಸೋಸಿ -20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ. ಪ್ರತಿ ಸಲವೂ ಒಂದು ಬಾಟಲಿ ಶುದ್ಧ ನೀರನ್ನು ಕಿನಾರೆಗೆ ಒಯ್ದು ಅದೇ ಹಾದಿಯಲ್ಲಿ ಪರೀಕ್ಷಿಸಿ. ಅದರಲ್ಲೂ ನೈಟ್ರೇಟ್ ಕಂಡರೆ ದೋಷ ಕಡಲಲ್ಲಿಲ್ಲ, ನಿಮ್ಮ ಬಾಟಲಿಯಲ್ಲಿದೆ.

ದೇಶಗಳ ನಡುವೆಯೂ ಇದೇ ಸಮಸ್ಯೆ. ಅದಕ್ಕೇ ಮೊನಾಕೊದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಾಗರ ಪ್ರಯೋಗಾಲಯ ಒಂದೇ ಬಗೆಯ ಮೀನಿನ ಪುಡಿ, ಕೆಸರಿನ ಪುಡಿಯನ್ನು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಕಳಿಸಿ ಉತ್ತರಗಳನ್ನು ತಾಳೆ ನೋಡುತ್ತದೆ. ಸಹಕಾರದ ಬಗ್ಗೆ ಪತ್ರಿಕೆಯಲ್ಲಿ ಬರುವುದು ಸಹಿ ಹಾಕುವ ಚಿತ್ರ. ನಮ್ಮ ಮಟ್ಟಿಗೆ ಈ ಪುಡಿಯ ಪೊಟ್ಟಣವೇ ಹೆಚ್ಚಿನದು, ಅದಿಲ್ಲದೆ ಎರಡು ದೇಶಗಳ ವರದಿ ಒಂದೇ ಸಮುದ್ರದ ಬಗ್ಗೆ ಮಾತಾಡುವುದಿಲ್ಲ.

ಕಿನಾರೆ ಸ್ವಚ್ಛ ಮಾಡುವಾಗ ಕಸದ ತೂಕ ಬರೆದಿಟ್ಟರೆ ಸಾಕಾ?

ಸಾಕಾಗುವುದಿಲ್ಲ, ಒದ್ದೆ ಬಲೆಯ ಒಂದು ತುಂಡು ಸಾವಿರ ಬಾಟಲಿ ಮುಚ್ಚಳಕ್ಕಿಂತ ಭಾರ. ಎಣಿಸಬೇಕು. 100 ಮೀಟರ್ ಉದ್ದದ ಒಂದೇ ತುಂಡನ್ನು ಜಿಪಿಎಸ್‌ನಲ್ಲಿ ಗುರುತಿಸಿ ವರ್ಷಕ್ಕೆ ನಾಲ್ಕು ಸಲ ಅದನ್ನೇ ನೋಡಿ. ಇಳಿತದ ಹೊತ್ತು ನೀರಿನಂಚಿನಿಂದ ಬಂಗಡೆಬಳ್ಳಿ ಶುರುವಾಗುವವರೆಗೆ ನಡೆದು 2.5 ಸೆಂ.ಮೀ.ಗಿಂತ ದೊಡ್ಡದನ್ನೆಲ್ಲ ಬಗೆವಾರು ಲೆಕ್ಕ ಹಾಕಿ, ಪೂರ್ತಿ ತೆಗೆಯಿರಿ. ಬಿಟ್ಟರೆ ಮುಂದಿನ ಸಲದ ಲೆಕ್ಕದಲ್ಲಿ ಅದೇ ಮತ್ತೆ ಸೇರುತ್ತದೆ. ಪೊಟ್ಟಣ, ಬಾಟಲಿಯ ಮೇಲಿನ ಭಾಷೆ ಮತ್ತು ತಯಾರಾದ ತಿಂಗಳು ಬರೆದುಕೊಳ್ಳಿ. ಹಡಗಿನಿಂದ ಪ್ಲಾಸ್ಟಿಕ್ ಎಸೆಯುವುದಕ್ಕೆ ಮಾರ್ಪೋಲ್ ಎಲ್ಲಿಯೂ ಅವಕಾಶ ಕೊಟ್ಟಿಲ್ಲ. ದೂರದ ದೇಶದ ಹೊಸ ಬಾಟಲಿಗಳು ಒಟ್ಟಿಗೆ ಬಂದರೆ ಹಡಗಿನ ಮೇಲೆ ಅನುಮಾನ ಸಹಜ.

ಟ್ರಾಲಿಂಗ್ ರಜೆ ಮುಗಿಸಿ ಹೋದರೂ ಕೆಲವು ಸಲ ತಳದಲ್ಲಿ ಮೀನೇ ಇರುವುದಿಲ್ಲ. ಮಾಲಿನ್ಯವಾ?

ಬಹುಪಾಲು ಪ್ರಕೃತಿಯದೇ ಕೆಲಸ, ಮನುಷ್ಯರ ಪಾಲೂ ಸೇರಿರಬಹುದು. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದ ನಡುವೆ ಆಮ್ಲಜನಕ ತೀರ ಕಡಿಮೆಯ ಪದರ ಇದೆ, ಜಗತ್ತಿನ ಅತಿ ದಪ್ಪದ ಇಂಥ ಪದರಗಳಲ್ಲಿ ಅದೂ ಒಂದು. ಮುಂಗಾರಿನಲ್ಲಿ ಕೆಳಗಿನ ನೀರು ತೀರದ ಕಡೆ ಮೇಲೇಳುತ್ತದೆ. ಜುಲೈ 31ಕ್ಕೆ ರಜೆ ಮುಗಿದು ಬೋಟುಗಳು ಇಳಿಯುವ ಮುಂದಿನ ವಾರಗಳಲ್ಲಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ವಿಶೇಷವಾಗಿ, ತಳದ ನೀರಿನಲ್ಲಿ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ಸಿಗಡಿ, ತಳಮೀನು ಜಾಗ ಬಿಡುತ್ತವೆ. ಹೊಳೆಗಳಿಂದ ಬರುವ ಗೊಬ್ಬರ ಮತ್ತು ಕೊಳಚೆ ಈ ಕೊರತೆಯನ್ನು ಹೆಚ್ಚಿಸುತ್ತಿದೆಯೇ ಎಂಬುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ದೀರ್ಘಕಾಲದಿಂದ ಅಧ್ಯಯನ ಮಾಡುತ್ತಿದೆ.

ಈ ಪದರ ಒಮಾನಿನಿಂದ ನಮ್ಮ ತೀರದವರೆಗೆ ಹಬ್ಬಿದೆ. ಇದನ್ನು ನೋಡಲು ಆರ್ಗೊ ತೇಲುಯಂತ್ರಗಳಿವೆ: ಜಗತ್ತಿನಾದ್ಯಂತ ಸುಮಾರು 4,000. ಒಂದೊಂದೂ 1,000 ಮೀಟರ್ ಆಳದಲ್ಲಿ ತೇಲುತ್ತಾ, ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಅಳೆಯುತ್ತಾ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸುತ್ತದೆ. ಕೆಲವದರಲ್ಲಿ ಆಮ್ಲಜನಕದ ಸಂವೇದಕವೂ ಇದೆ. ಯಂತ್ರ ಯಾವ ದೇಶದ್ದಾದರೂ ಮಾಹಿತಿ ಎಲ್ಲರಿಗೂ ಉಚಿತ. ಹಿಂದೂ ಮಹಾಸಾಗರದ ದತ್ತಾಂಶ ಕೇಂದ್ರ ಇನ್‌ಕಾಯ್ಸ್‌ನಲ್ಲೇ ಇದೆ.

## ಇನ್ನೂ ಆಳಕ್ಕೆ

ಪಣಂಬೂರಿಗೆ ಬರುವ ಹಡಗಿನ ಬ್ಯಾಲಸ್ಟ್ ನೀರಿನಿಂದ ನಮಗೆ ಎಂತ ತೊಂದರೆ?

ಖಾಲಿ ಬಂದು ಇಲ್ಲಿ ಸರಕು ತುಂಬಿಸುವ ಹಡಗು ಸಮತೋಲಕ್ಕಾಗಿ ಹಿಂದಿನ ಬಂದರಿನ ನೀರನ್ನು ಹೊತ್ತು ತಂದು ಇಲ್ಲಿ ಬಿಡುತ್ತದೆ, ಅದರಲ್ಲಿ ಜೀವಿಗಳೂ ಇರುತ್ತವೆ. 2017ರ ಸೆಪ್ಟೆಂಬರ್ 8ರಿಂದ ಜಾರಿಯಾದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ 2024ರ ಸೆಪ್ಟೆಂಬರ್‌ವರೆಗೆ ಇದ್ದ ಮೊದಲ ದಾರಿ ದಡದಿಂದ 200 ಮೈಲು ದೂರ, ಕನಿಷ್ಠ 200 ಮೀಟರ್ ಆಳವಿರುವ ಕಡೆ ಶೇ. 95ರಷ್ಟು ನೀರು ಬದಲಿಸುವುದು. ಎರಡನೆಯದು, ಅಂದರೆ ಈಗಿನದು, ಹಡಗಿನಲ್ಲೇ ಸಂಸ್ಕರಿಸುವುದು. ಆಗ 50 ಮೈಕ್ರಾನ್ ಮತ್ತು ಅದಕ್ಕೂ ದೊಡ್ಡ ಜೀವಿ ಒಂದು ಘನ ಮೀಟರಿಗೆ 10ಕ್ಕಿಂತ ಕಡಿಮೆ ಇರಬೇಕು. ಸಂಸ್ಕರಣಾ ಯಂತ್ರ ಹೆಚ್ಚಾಗಿ ಸೋಲುವುದು ಕೆಸರು ನೀರಿನಲ್ಲಿ: ಸೋಸುಪರದೆ ಕಟ್ಟುತ್ತದೆ, ನೇರಳಾತೀತ ಬೆಳಕು ಮಣ್ಣಿನ ಕಣ ದಾಟಿ ಹೋಗುವುದಿಲ್ಲ. ದಕ್ಷಿಣ ಅಮೆರಿಕ ಮೂಲದ ಚಾರು ಪಚ್ಚಿಲೆ ಕೇರಳದ ಹಿನ್ನೀರಿನಲ್ಲಿ ಈಗಾಗಲೇ ನೆಲೆಯೂರಿದೆ. ಸಾಕಣೆಯ ಹಗ್ಗದಲ್ಲಿ ಕಪ್ಪು, ಸಣ್ಣ, ಅಪರಿಚಿತ ಚಿಪ್ಪು ಗೊಂಚಲು ಕಂಡರೆ ಫೋಟೊ ತೆಗೆದು, ಒಂದೆರಡನ್ನು ಸ್ಪಿರಿಟ್ಟಿನಲ್ಲಿಟ್ಟು ಮೀನುಗಾರಿಕಾ ಕಾಲೇಜಿಗೋ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರಕ್ಕೋ ತೋರಿಸಿ.

ಹಡಗಿನ ಎಣ್ಣೆಯಿಂದ ಬಲೆ ಹಾಳಾದ್ರೆ ಪರಿಹಾರ ಸಿಗ್ತದಾ?

ಹಡಗು ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಟ್ಯಾಂಕರಿನಿಂದ ಕಚ್ಚಾತೈಲದಂಥ ಬೇಗ ಆವಿಯಾಗದ ಎಣ್ಣೆ ಸೋರಿದರೆ, ಮೊದಲು ಮಾಲೀಕರ ವಿಮೆ, ಅದು ಸಾಲದಿದ್ದರೆ 1992ರ ಅಂತರರಾಷ್ಟ್ರೀಯ ತೈಲ ಮಾಲಿನ್ಯ ಪರಿಹಾರ ನಿಧಿ. ಎರಡೂ ಸೇರಿ ಒಂದು ಘಟನೆಗೆ ಮಿತಿ 20.3 ಕೋಟಿ ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಹಾನಿಯಾದ ದಿನದಿಂದ ಮೂರು ವರ್ಷದೊಳಗೆ ಕೇಳಬೇಕು. 2022ರ ಜೂನ್‌ನಲ್ಲಿ ಉಳ್ಳಾಲದ ಎದುರು ನೆಲಕಚ್ಚಿದ ಪ್ರಿನ್ಸೆಸ್ ಮಿರಾಲ್ ಉಕ್ಕಿನ ಸುರುಳಿ ಹೊತ್ತ ಹಡಗು. ಅಂಥವಕ್ಕೆ ಈ ನಿಧಿ ಅನ್ವಯಿಸುವುದಿಲ್ಲ, ಹಡಗಿನ ಸ್ವಂತ ಇಂಧನ ಸೋರಿದರೆ ಅದರ ವಿಮೆಯ ಮೇಲೆಯೇ ಹೋಗಬೇಕು.

ಎರಡರಲ್ಲೂ ಕೇಳುವುದು ದಾಖಲೆ. ಬೋಟಿನ ನೋಂದಣಿ, ಡೀಸೆಲ್ ಸಬ್ಸಿಡಿ ಪುಸ್ತಕ, ಹಿಂದಿನ ಮೂರು ವರ್ಷದ ಇದೇ ತಿಂಗಳುಗಳ ಏಲಂ ಚೀಟಿ, ಬಲೆ ಕೊಂಡ ಬಿಲ್, ಎಣ್ಣೆ ಹತ್ತಿದ ಬಲೆಯ ಫೋಟೊ, ಜೊತೆಗೆ ಅದರದ್ದೇ ಒಂದು ತುಂಡು. ಬಲೆ ಸುಟ್ಟುಹಾಕಿ ಆಮೇಲೆ ಅರ್ಜಿ ಹಾಕಿದವರ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಕೈರಂಪಣಿ, ನಾಡದೋಣಿಯವರಿಗೆ ಲಿಖಿತ ಲೆಕ್ಕ ಇರುವುದು ಅಪರೂಪ. ಸಹಕಾರಿ ಸಂಘಗಳು ದಿನದ ಮೀನಿನ ಹಿಡುವಳಿಯನ್ನು ಈಗಲೇ ಬರೆದಿಡಲು ತೊಡಗಬೇಕು, ಅವಘಡದ ಮರುದಿನ ಆ ಪುಸ್ತಕ ಹುಟ್ಟುವುದಿಲ್ಲ.

ದೇಶದೇಶಗಳ ನಡುವೆ ಇಷ್ಟು ಜಗಳ ಇರುವಾಗ ಕಟ್ಟುನಿಟ್ಟಿನ ಒಪ್ಪಂದ ಆಗುವ ಮಾತಾ?

ಬಾಲ್ಟಿಕ್ ಸಮುದ್ರದಲ್ಲಿ ಆಗಿದೆ. ಹೆಲ್ಸಿಂಕಿ ಒಪ್ಪಂದಕ್ಕೆ 1974ರಲ್ಲಿ ಏಳು ದೇಶಗಳು ಸಹಿ ಹಾಕಿದಾಗ ಶೀತಲ ಸಮರ ನಡೆಯುತ್ತಿತ್ತು; ಪೂರ್ವ ಜರ್ಮನಿ, ಪಶ್ಚಿಮ ಜರ್ಮನಿ, ಸೋವಿಯತ್ ಒಕ್ಕೂಟ ಒಂದೇ ಮೇಜಿನಲ್ಲಿದ್ದವು. ಅವರು ಗಡಿಯ ಮಾತು ಬದಿಗಿಟ್ಟು ಅಳತೆಯಿಂದ ಶುರು ಮಾಡಿದರು. ಒಂದೇ ವಿಧಾನದ ಮಾದರಿ, ಒಟ್ಟಾಗಿ ವಿಮಾನದಿಂದ ಎಣ್ಣೆ ಪಾಟೆ ಹುಡುಕುವುದು, ಆಮೇಲೆ 1992ರಲ್ಲಿ ಅತಿ ಹೆಚ್ಚು ಕೊಳಕು ಸುರಿಯುವ ನೂರಕ್ಕೂ ಹೆಚ್ಚು ಜಾಗಗಳ ಬಹಿರಂಗ ಪಟ್ಟಿ. ಶುದ್ಧೀಕರಣ ಘಟಕ ಕಟ್ಟಿ ಮುಗಿಸಿ, ಫಲಿತಾಂಶ ತೋರಿಸಿದ ಮೇಲೆಯೇ ಊರಿನ ಹೆಸರು ಪಟ್ಟಿಯಿಂದ ಹೊರಬರುತ್ತದೆ. ಹೆಚ್ಚಿನ ಹೆಸರುಗಳು ಈಗ ಹೊರಬಂದಿವೆ.

ದಕ್ಷಿಣ ಏಷ್ಯಾಕ್ಕೆ ಇಂಥ ಪಟ್ಟಿ ಆಗಬೇಕೆಂದು ನಾವು ಬಯಸುತ್ತೇವೆ, ಮತ್ತು ಅದರಲ್ಲಿ ಕರಾಚಿ, ಮುಂಬೈ, ಕೊಲಂಬೊಗಳ ಜೊತೆ ನಮ್ಮ ಫಲ್ಗುಣಿ–ನೇತ್ರಾವತಿ ಅಳಿವೆಯ ಹೆಸರನ್ನೂ ಪರಿಶೀಲನೆಗೆ ಇಡಬೇಕು. ಕೊಳಚೆ ಎಷ್ಟು, ಯಾವ ತೋಡಿನಿಂದ, ಯಾವ ತಿಂಗಳಲ್ಲಿ ಎಂಬ ಲೆಕ್ಕ ಸ್ಥಳೀಯವಾಗಿ ಕೈಯಲ್ಲಿದ್ದರೆ, ಕೊಲಂಬೊದ ಮೇಜಿನಲ್ಲಿ ಮಾತು ಶುರುವಾಗುವ ದಿನ ಇಲ್ಲಿಯವರು ಕಾಯುತ್ತಾ ಕೂರಬೇಕಾಗಿಲ್ಲ.